ಕಂಡಕ್ಟರ್ ಗೋರಖನಾಥರು ಕೈ ಕಟ್ಟಿ ಕೂತದ್ದು

ಬೀದರದಿಂದ ಸಂತಪುರದ ಮೇಲೆ ಹಾದು ಔರಾದಕ್ಕೆ ಹೋಗುವ ಕೆಂಪು ಬಸ್ಸು ಎಷ್ಟು ಜನರನ್ನು ಹಿಡಿಸುತ್ತದೆ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಒಂದು ಉತ್ತರವಿತ್ತು, ಕಂಡಕ್ಟರ್ ಗೋರಖನಾಥರ ಬಳಿ ಇನ್ನೊಂದಿತ್ತು. ಸರ್ಕಾರ ತನ್ನ ಉತ್ತರವನ್ನು ಬಸ್ಸಿನೊಳಗೆ ಬಣ್ಣದಲ್ಲಿ ಬರೆಸಿಟ್ಟಿತ್ತು. ಗೋರಖನಾಥರು ತಮ್ಮದನ್ನು ಬಾಗಿಲಲ್ಲಿ ಜೋತು ಬಿದ್ದು ಕೂಗುತ್ತಿದ್ದರು: “ಇನ್ನೊಬ್ಬರು ಬರ್ರಿ!”

ಬಸ್ಸು ಬಿರಿಯುವಷ್ಟು ತುಂಬಿದ ಮೇಲೂ ಸಂತಪುರದಲ್ಲಿ ಒಬ್ಬ ಮುದುಕಿ, ಅವಳ ಎರಡು ಚೀಲ, ಒಂದು ಚೀಲದಿಂದ ಕತ್ತು ಹೊರಗಿಟ್ಟ ಕೋಳಿ ಇಷ್ಟು ಮಂದಿ ಕೈ ಮಾಡಿ ನಿಂತಿದ್ದರೆ ಗೋರಖನಾಥರಿಗೆ ಹುಮ್ಮಸ್ಸು ಬಂದುಬಿಡುತ್ತಿತ್ತು. “ಜಾಗ ಇರಂಗಿಲ್ರಿ, ಮಾಡಬೇಕಾಗ್ತದ! ಸರೀರಿ, ಒಳಗ ಸರೀರಿ! ಮಾಸ್ತರ್ರೇ, ನೀವು ಓದಿದವ್ರು, ಸ್ವಲ್ಪ ಕೋಳಿ ಹಿಡ್ಕೋರಿ.” ಮಾಸ್ತರರು ಕೋಳಿ ಹಿಡಿಯುತ್ತಿದ್ದರು. ಔರಾದ ಬರುವ ಹೊತ್ತಿಗೆ ಮುದುಕಿಗೂ ಮಾಸ್ತರರಿಗೂ ದೂರದ ನಂಟು ಪತ್ತೆಯಾಗಿರುತ್ತಿತ್ತು. ಇಡೀ ನೌಕರಿಯಲ್ಲಿ ಒಬ್ಬರನ್ನೂ ರಸ್ತೆಯ ಮೇಲೆ ಬಿಟ್ಟು ಬಂದವರಲ್ಲ ಗೋರಖನಾಥರು. ಬೀದರ ಕೋಟೆಯಿಂದ ದಂಡೆತ್ತಿ ಹೋದ ಸುಲ್ತಾನರು ಕೂಡ ಇಂಥ ಮಾತು ಹೇಳಿಕೊಳ್ಳಲಾರರು. ಅವರ ದಂಡಿನಲ್ಲಿ ಹಿಂದೆ ಉಳಿದವರಿಗೆ ಲೆಕ್ಕವೇ ಇಲ್ಲ.

ಈ ಸಾಮ್ರಾಜ್ಯದ ಸೇನಾಪತಿ ಡ್ರೈವರ್ ಅಯ್ಯುಬ. ಅಯ್ಯುಬರ ಕಣ್ಣು ಮುಂದಿನ ರಸ್ತೆಗೆ, ಕಿವಿ ಹಿಂದಿನ ಗಂಟೆಗೆ. ಒಂದು ಗಂಟೆ ಬಂದರೆ ನಿಲ್ಲುವುದು, ಎರಡು ಬಂದರೆ ಹೊರಡುವುದು. ಗಂಟೆ ಬಾರದಿದ್ದರೆ ಆಕಾಶ ಕಳಚಿ ಬಿದ್ದರೂ ಗಾಡಿ ಕದಲುವಂತಿಲ್ಲ. ಒಮ್ಮೆ ಗೋರಖನಾಥರು ಸಂತಪುರದಲ್ಲಿ ಎಲ್ಲರನ್ನೂ ಹತ್ತಿಸಿ, ಹಗ್ಗ ಎಳೆಯುವುದನ್ನು ಮರೆತು, ಚಿಲ್ಲರೆಯ ಜಗಳದಲ್ಲಿ ಮುಳುಗಿಹೋದರು. ಅಯ್ಯುಬರು ಎಂಜಿನ್ ಗುರುಗುಡಿಸುತ್ತ ಕೂತೇ ಇದ್ದರು. ಜನ ಬೈದರು, ಕೈಮುಗಿದರು, ಒಬ್ಬ ಹುಡುಗ ತಾನೇ ಬಾಯಲ್ಲಿ “ಟಿಂಗ್ ಟಿಂಗ್” ಅಂದ. ಅಯ್ಯುಬರು ಕನ್ನಡಿಯಲ್ಲಿ ನೋಡಿ, “ನಕಲಿ ಬೆಲ್‌ಗಿ ಗಾಡಿ ಹೋಗಂಗಿಲ್ಲ ಬೇಟಾ” ಅಂದರು. ಅಂದಿನಿಂದ ಗೋರಖನಾಥರಿಗೆ ಒಂದು ವಿಷಯ ಎಲುಬಿಗೆ ಇಳಿಯಿತು: ಲೋಕದಲ್ಲಿ ನಿಂತದ್ದೆಲ್ಲ ತಮ್ಮ ಗಂಟೆಗಾಗಿಯೇ ಕಾಯುತ್ತಿರುತ್ತದೆ.

ಮನೆಯಲ್ಲಿ ಮಾತ್ರ ಗಂಟೆ ಇನ್ನೊಬ್ಬರ ಕೈಯಲ್ಲಿತ್ತು. ಸಂತಪುರದಿಂದ ಮದುವೆಯಾಗಿ ಬಂದ ಸುಭದ್ರಾಬಾಯಿ ಏರುದನಿಯಲ್ಲಿ ಮಾತಾಡಿದವರೇ ಅಲ್ಲ. ಆದರೆ ಅವರು ಬೀಸುವ ಕಲ್ಲಿನ ಮುಂದೆ ಕೂತು ಹಾಡಲು ಶುರು ಮಾಡಿದರೆ, ದಿನವಿಡೀ ಕೂಗಿ ಗಂಟಲು ಒಡೆದುಕೊಂಡ ಕಂಡಕ್ಟರರು ಹೊಸ್ತಿಲ ಮೇಲೆ ಚಪ್ಪಲಿ ಬಿಡುವುದನ್ನೂ ಮರೆತು ನಿಲ್ಲುತ್ತಿದ್ದರು. ಆ ಬೀಸುವ ಪದಗಳು ಸುಭದ್ರಾಬಾಯಿಯ ಅವ್ವನವು. ಅವ್ವನಿಗೆ ಅವಳ ಅವ್ವ ಕೊಟ್ಟವು. ಬರೆದಿಟ್ಟವರಿಲ್ಲ. ಗಿರಣಿ ಬಂದ ಮೇಲೆ ಹಿಟ್ಟಿಗೆ ಹಾಡು ಬೇಕಾಗಲಿಲ್ಲ; ಬುದ್ಧ ವಿಹಾರದಲ್ಲಿ ಹೆಂಗಸರು ಕೂಡಿದಾಗ ಒಂದೆರಡು ಕೇಳಿಬರುತ್ತಿದ್ದವು, ಅಷ್ಟೇ.

ಗೋರಖನಾಥರು ನಿವೃತ್ತರಾಗಿ ಬೀದರದ ಮೈಲೂರಿನಲ್ಲಿ ನೆಲೆಸಿದರು. ಎರಡು ಓಣಿ ಆಚೆ ಅಯ್ಯುಬರೂ ನೆಲೆಸಿದರು, ಗಂಟೆ ಕೇಳದಷ್ಟು ದೂರ ಹೋಗಲು ಅವರಿಗೂ ಮನಸ್ಸಾಗಿರಲಿಲ್ಲ. ಮಗಳು ಪ್ರಣಾಲಿ ಭಾಲ್ಕಿಗೆ ಸೊಸೆಯಾಗಿ ಹೋಗುವಾಗ ಕಾಲೇಜಿನ ದಿನದ ಲ್ಯಾಪ್‌ಟಾಪನ್ನು ತವರಲ್ಲೇ ಬಿಟ್ಟು ಹೋದಳು. ಒಂದು ಮೂಲೆ ಸೀಳಿದ, ಆನ್ ಮಾಡಿದರೆ ಗಿರಣಿಯಂತೆ ಸದ್ದು ಮಾಡುವ ಆ ಯಂತ್ರದ ಮುಂದೆ ಸುಭದ್ರಾಬಾಯಿ ಶಾಲೆಗೆ ರಜೆಯಿರುವ ಪ್ರತಿ ಐತವಾರ ಮುಂಜಾನೆ ಕೂರುವ ರೂಢಿ ಬಂದದ್ದು ಭಾಲ್ಕಿಯಲ್ಲಿದ್ದ ಪ್ರಣಾಲಿಯ ಮಗಳು ವಿಶಾಖಾಳಿಂದ. ಶಾಲೆಯ ಕಾರ್ಯಕ್ರಮಕ್ಕೆ ಅವಳಿಗೊಂದು ಬೀಸುವ ಪದ ಬೇಕಿತ್ತು. ಒಂದು ಕಲಿತಳು, ಇನ್ನೊಂದು ಕೇಳಿದಳು, ಗೆಳತಿಯರನ್ನು ಕರೆದಳು. ಔರಾದದಿಂದ ಅಯ್ಯುಬರ ಮೊಮ್ಮಗಳು ಜೇಬಾ ಕೂಡ ತನ್ನ ತಾಯಿಯ ಫೋನಿನಿಂದ ಬಂದು ಸೇರಿದಳು. ಹೀಗೆ ಪರದೆಯ ಮೇಲೆ ಚೌಕ ಚೌಕವಾಗಿ ಹುಡುಗಿಯರ ಮುಖಗಳು ತುಂಬಿದವು. ಬಸ್ಸಿನ ಕಿಟಕಿಗಳ ಸಾಲಿನಂತೆ ಕಾಣುತ್ತಿದ್ದ ಆ ದೃಶ್ಯವನ್ನು ಗೋರಖನಾಥರು ಹಿಂದಿನಿಂದ ಇಣುಕಿ ನೋಡಿ, “ಇನ್ನೊಬ್ಬರಿಗಿ ಜಾಗ ಅದ” ಎಂದು ಘೋಷಿಸುತ್ತಿದ್ದರು.

ಹೀಗಿರುವಾಗ ಒಂದು ಐತವಾರ ಆ ಯಂತ್ರ ಕೈಕೊಟ್ಟಿತು. ಯಂತ್ರ ಹಾಗೇ ಗುರುಗುಟ್ಟುತ್ತಿತ್ತು, ಆದರೆ ಮಂದಿ ಮುಖ ತೋರಿಸುವ ಪ್ರೋಗ್ರಾಮು ತಿರುಗಿ ಬಿದ್ದಿತು. ನಿಮ್ಮ ಕಂಪ್ಯೂಟರಿನ ವಿಂಡೋಸ್ ಬಹಳ ಹಳೆಯದಾಯಿತು, ಇದರ ಮೇಲೆ ನಾನಿನ್ನು ನಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಬಾಗಿಲು ಹಾಕಿಕೊಂಡಿತು. ಸುಭದ್ರಾಬಾಯಿ ಫೋನಿನಲ್ಲಿ ಪಾಠ ಮಾಡಿ ನೋಡಿದರು. ಮುಖಗಳು ತೊಗರಿ ಕಾಳಿನಷ್ಟಾಗಿದ್ದವು. ಸುಭದ್ರಾಬಾಯಿಯ ಕಣ್ಣು ಮೊದಲೇ ಮಂದ. ಅವರು ಕಲಿಸುತ್ತಿದ್ದದ್ದೇ ಹುಡುಗಿಯರ ಬಾಯಿ ನೋಡಿ: ತುಟಿ ಎಲ್ಲಿ ತೆರೆಯಿತು, ಉಸಿರು ಎಲ್ಲಿ ಮುರಿಯಿತು ಎಂದು. ಅರ್ಧಕ್ಕೇ ನಿಲ್ಲಿಸಿ ಫೋನನ್ನು ಬೋರಲು ಹಾಕಿದರು.

“ಮುಂದಿನ ಐತವಾರ ದೊಡ್ಡ ಪರದಿ ಮ್ಯಾಲ ಕಾಣಲಿಲ್ಲಂದ್ರ ಸಾಕು ಮಾಡ್ತೇನಿ” ಅಂದರು. “ಬಾಯಿ ಕಾಣ್ದ ತಪ್ಪು ಹ್ಯಾಂಗ ತಿದ್ದಬೇಕ್ರಿ? ತಪ್ಪು ಕಲಸೋದಕ್ಕಿಂತ ಕಲಸ್ದ ಇರೋದು ಚಲೋ.”

ಪ್ರಣಾಲಿ ಫೋನಿನಲ್ಲಿ, “ಅವ್ವಾ, ನಾ ಹೊಸಾದು ಕಳಸ್ತೇನಿ” ಅಂದಳು.

“ಮಗಳ ಮನಿ ವಸ್ತು ನಮ್ಮ ಮನಿಗಿ ಬ್ಯಾಡವ್ವ” ಅಂದರು ಸುಭದ್ರಾಬಾಯಿ. ಅದು ಅವರ ಮನೆತನದ ಕಟ್ಟಳೆ, ಮುರಿಯುವ ಮಾತಿಲ್ಲ.

“ಹೊಸಾದು ಯಾಕ?” ಎಂದು ಗೋರಖನಾಥರು ಫೋನನ್ನು ಕಸಿದುಕೊಂಡರು. “ಇದಕ್ಕ ಹೊಸ ವಿಂಡೋಸ್ ಹಾಕ್ತೇನಿ. ಐತವಾರ ನಿಮ್ಮವ್ವನ ಕ್ಲಾಸ್ ಆಗ್ತದ. ಗೋರಖನಾಥ ಹೇಳ್ಲತ್ತಾನ!”

ಹೀಗೆ ಮಹಾಯುದ್ಧಕ್ಕೆ ಶಂಖ ಊದಿದ್ದಾಯಿತು. ಶಂಖ ಊದಿದವರಿಗೆ ವಿಂಡೋಸ್ ಅಂದರೇನು ಎಂಬುದು ಸರಿಯಾಗಿ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಕಂಪ್ಯೂಟರ್ ಅಂಗಡಿಯ ಹುಡುಗ ಖಾಲಿದ, ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿದ. “ಅಂಕಲ್, ಇದಕ್ಕ ಹೊಸಾದು ಆಗಂಗಿಲ್ರಿ. ಹೊಸ ವಿಂಡೋಸ್ ಒಳಗ ಬರೋದಕ್ಕಿಂತ ಮೊದಲ ತಪಾಸಣಿ ಮಾಡ್ತದ. ಒಂದು ಚಿಪ್ ಅದನೋ ಇಲ್ಲೋ, ಪ್ರೊಸೆಸರ್ ಹೊಸಾದೋ ಹಳೀದೋ, ಎಲ್ಲಾ ನೋಡ್ತದ. ನಿಮ್ಮದು ಒಂದ್ರಾಗೂ ಪಾಸ್ ಆಗಂಗಿಲ್ಲ.”

“ಅಂದ್ರ ಸೀಟ್ ಇಲ್ಲ ಅನ್ಲತ್ತೀ.”

“ಹಾಂಗೇ ತಿಳ್ಕೋರಿ.”

“ನಿಂತು ಬರ್ತದ.”

“ಯಾರು?”

“ವಿಂಡೋಸು! ಸೀಟ್ ಇಲ್ಲಂದ್ರ ನಿಂತು ಬರ್ತದ. ನೀ ಬಾಗಿಲಾ ಅಷ್ಟು ತೆಗದು ಕೊಡು, ಒಳಗ ಸರಿಸೋದು ನನಗ ಬಿಡು.”

ಖಾಲಿದ ನಕ್ಕ. ಚಿಕ್ಕಂದಿನಲ್ಲಿ ಔರಾದದಲ್ಲಿದ್ದ ಅಜ್ಜಿಯ ಮನೆಗೆ ಇದೇ ಕಂಡಕ್ಟರರ ಬಸ್ಸಿನಲ್ಲಿ, ಯಾರದೋ ತೊಡೆಯ ಮೇಲೆ ಕೂತು ಹೋದವನು ಅವನು. ತಪಾಸಣೆ ತಪ್ಪಿಸಿ ಒಳಗೆ ಬಿಡುವಂಥ ಒಂದು ಪೆನ್ ಡ್ರೈವ್ ತಯಾರಿಸಿ ಕೊಟ್ಟ. ಹಳೆಯ ಫೋಟೋಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟ. “ಇದನ್ನ ಚುಚ್ಚಿ ಚಾಲೂ ಮಾಡ್ರಿ. ಯಾವುದಾದ್ರೂ ಒಂದು ಬಟನ್ ಒತ್ರಿ ಅಂತ ಕೇಳ್ತದ, ಒತ್ರಿ. ಮುಂದ ಕೇಳಿದ್ದಕ್ಕೆಲ್ಲಾ ಹೂಂ ಅನ್ರಿ. ನಡುನಡುವ ತಾನೇ ಬಂದ್ ಆಗಿ ಚಾಲೂ ಆಗ್ತದ, ಅಂಜಬ್ಯಾಡ್ರಿ. ಗ್ಯಾರಂಟಿ ಇಲ್ಲ ಮತ್ತ!”

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಗೋರಖನಾಥರು ಪಡಸಾಲೆಯಲ್ಲಿ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಸ್ಥಾಪಿಸಿ, ಮುಖ ತೊಳೆದು, ಬಾಬಾಸಾಹೇಬರ ಫೋಟೋಕ್ಕೆ ಕೈಮುಗಿದು ಎದುರಿಗೆ ಕೂತರು. ಸುದ್ದಿ ತಿಳಿದು ಅಯ್ಯುಬರೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಬಲಕ್ಕೆ ಡ್ರೈವರ್, ಎಡಕ್ಕೆ ಕಂಡಕ್ಟರ್. ಪೆನ್ ಡ್ರೈವ್ ಒಳಹೋಯಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂತು: ಯಾವುದಾದರೂ ಒಂದು ಬಟನ್ ಒತ್ತಿ. ಅದರ ಮುಂದೆ ಚುಕ್ಕಿಗಳು ಒಂದೊಂದಾಗಿ ಬೀಳತೊಡಗಿದವು.

“ರೈಟ್!” ಎಂದು ಗೋರಖನಾಥರು ಎರಡು ಸಲ ಒತ್ತಿದರು. ಒಂದು ಸಲ ಒತ್ತಿದರೆ ನಿಂತುಬಿಟ್ಟೀತು ಎಂಬ ಭಯ.

ಯಂತ್ರ ಹೊರಟಿತು. ಭಾಷೆ ಯಾವುದು ಅಂದಿತು, ಹೂಂ ಅಂದರು. ಒಪ್ಪಿಗೆಯೇ ಅಂದಿತು, ಹೂಂ ಅಂದರು. ಹಳೆಯದನ್ನೆಲ್ಲ ಅಳಿಸಲೇ ಅಂದಿತು. “ಡಿಪೋಕ್ಕ ಬಂದ ಮ್ಯಾಲ ಎಲ್ಲಾರೂ ಇಳೀಲೇಬೇಕು” ಎಂದು ಅದಕ್ಕೂ ಹೂಂ ಅಂದರು. ತಪಾಸಣೆಯವರು ಎಲ್ಲೂ ಎದುರಾಗಲಿಲ್ಲ. ಫೈಲುಗಳು ಹತ್ತತೊಡಗಿದವು. ಇಬ್ಬರೂ ಎರಡೆರಡು ಸಲ ಚಹಾ ಕುಡಿದರು. ಕೊನೆಗೆ ಯಂತ್ರ ತಾನೇ ಬಂದ್ ಆಗಿ ತಾನೇ ಚಾಲೂ ಆಯಿತು. ಕಪ್ಪು ಪರದೆ, ಬಿಳಿ ಅಕ್ಷರ: ಯಾವುದಾದರೂ ಒಂದು ಬಟನ್ ಒತ್ತಿ.

“ಸ್ಟಾಪ್ ಬಂತು ನೋಡು” ಅಂದರು ಅಯ್ಯುಬರು. “ಬೆಲ್ ಹೊಡಿ, ಬೆಲ್ ಹೊಡಿ.”

“ರೈಟ್!”

ಭಾಷೆ ಯಾವುದು ಅಂದಿತು ಯಂತ್ರ. ಒಪ್ಪಿಗೆಯೇ ಅಂದಿತು.

ಬೇರೆ ಯಾರಾದರೂ ಆಗಿದ್ದರೆ ಇಲ್ಲೊಂದು ಅನುಮಾನ ಪಡುತ್ತಿದ್ದರು. ಆದರೆ ಪ್ರತಿ ಸ್ಟಾಪಿನಲ್ಲೂ “ಟಿಕೇಟ್ ಆಯ್ತೇನ್ರಿ, ಟಿಕೇಟ್” ಎಂದು ಅದೇ ಮುಖಗಳಿಗೆ ಅದನ್ನೇ ಕೇಳಿ ಆಯುಷ್ಯ ಕಳೆದ ಮನುಷ್ಯನಿಗೆ, ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ವಿಚಿತ್ರವೆನಿಸುವುದಿಲ್ಲ, ಗೌರವವೆನಿಸುತ್ತದೆ. “ಪಕ್ಕಾ ಡ್ಯೂಟಿ ಮಾಡ್ಲತ್ತದ” ಎಂದು ಮೆಚ್ಚಿದರು. ಮತ್ತೆ ಎಲ್ಲರನ್ನೂ ಇಳಿಸಿದರು, ಮತ್ತೆ ಹತ್ತಿಸಿದರು. ಮತ್ತೆ ಕಪ್ಪು ಪರದೆ, ಮತ್ತೆ “ರೈಟ್!” ಸಂಜೆಯಾಗುವವರೆಗೆ ಆ ಲ್ಯಾಪ್‌ಟಾಪು ಎಷ್ಟು ಟ್ರಿಪ್ ಹೊಡೆಯಿತೋ. ಹತ್ತಿದ ಪ್ರಯಾಣಿಕರು ಒಬ್ಬರೂ ಔರಾದ ಕಾಣಲಿಲ್ಲ.

ಅಯ್ಯುಬರಿಗೇ ಮೊದಲು ಸಂಶಯ ಬಂತು. “ಗೋರಖ್, ಇದೇನು ಯಾರ್, ಸಂತಪುರ ಬಂತು ಅನ್ನೋದ್ರಾಗ ಬೀದರ ಬರ್ಲತ್ತದ.”

“ರಸ್ತಾ ಖರಾಬ್ ಅದ” ಅಂದರು ಗೋರಖನಾಥರು. ಆದರೆ ದನಿಯಲ್ಲಿ ಮೊದಲಿನ ಕಸುವು ಇರಲಿಲ್ಲ.

ಅಯ್ಯುಬರು ಹೋದ ಮೇಲೆ ಸುಭದ್ರಾಬಾಯಿ ಗಂಡನ ತಟ್ಟೆಗೆ ರೊಟ್ಟಿ ಹಾಕಿದರು. ಗೋರಖನಾಥರು ಮುರಿಯದೆ ಕೂತರು.

“ಉಣ್ರಿ. ಆಗಲಿಲ್ಲಂದ್ರ ಬಿಡ್ರಿ. ಅದರ ಸಲ್ಯಾಕ ಹೊಟ್ಟಿ ಉಪವಾಸ ಕೆಡವಬ್ಯಾಡ್ರಿ.”

“ಬಿಡೋದು ಹ್ಯಾಂಗ? ನಿನಗ ಮಾತು ಕೊಟ್ಟೀನಿ.”

“ನನಗ ಎಲ್ಲಿ ಕೊಟ್ರಿ? ಪ್ರಣಾಲಿಗಿ ಕೊಟ್ರಿ. ನನಗ ನೀವು ಮಾತು ಕೊಟ್ಟಿದ್ದು ಮದಿವ್ಯಾಗ ಅಷ್ಟೇ.” ನಕ್ಕರು. ಆಮೇಲೆ ಬಟ್ಟಲಿಗೆ ಬ್ಯಾಳಿ ಹಾಕುತ್ತ, ಅತ್ತ ಇತ್ತ ನೋಡದೆ ಹೇಳಿದರು: “ಹೋದ ತಿಂಗಳ ಆ ಜೇಬಾ ಒಂದು ಪದ ಬರೋಬ್ಬರಿ ಹಾಡಿದ್ಲು ನೋಡ್ರಿ. ಕಡೀ ಸಾಲಿಗಿ ತುಟಿ ಹಿಂಗ ಮಾಡಿ ಎಳದ್ಲು. ನಮ್ಮವ್ವ ಹಾಂಗೇ ಎಳೀತಿದ್ಲು. ನಾ ಕಲಿಸಿಲ್ಲ ಅದು, ಆ ಹುಡುಗಿ ಬಾಯಾಗ ತಾನೇ ಬಂತು. ಅವ್ವ ಸತ್ತ ಮ್ಯಾಲ ನಾ ಅಕಿನ್ನ ಅವತ್ತೇ ನೋಡಿದ್ದು.”

ಗೋರಖನಾಥರು ರೊಟ್ಟಿ ಮುರಿದರು. ಬಸ್ಸಿನಲ್ಲಿ ಎಲ್ಲರನ್ನೂ ಹತ್ತಿಸಿಕೊಂಡ ತಾವು ತಮ್ಮ ಹೆಂಡತಿಯೊಬ್ಬಳನ್ನು ಸ್ಟಾಪಿನಲ್ಲೇ ಬಿಟ್ಟು ಹೋಗುತ್ತಿದ್ದೇವೆ ಎನಿಸಿ ಆ ತುಂಡನ್ನು ತಟ್ಟೆಗೇ ಮರಳಿಸಿದರು. ಇಷ್ಟು ವರ್ಷ ಅವಳು ಬೀಸುತ್ತ ಹಾಡಿದ್ದನ್ನು ತಾವು ಹೊಸ್ತಿಲಲ್ಲಿ ನಿಂತು ಕೇಳಿದ್ದೇ ಹೊರತು, ಒಂದು ಪದವನ್ನಾದರೂ ಕಲಿತಿರಲಿಲ್ಲ. ಆ ಹುಡುಗಿಯರು ಬಿಟ್ಟರೆ ಅವನ್ನು ಒಯ್ಯುವವರು ಯಾರೂ ಇರಲಿಲ್ಲ.

ಐತವಾರ ಬೆಳಗಾಯಿತು. ಹುಡುಗಿಯರು ಬರುವುದು ಹನ್ನೊಂದಕ್ಕೆ. ಗೋರಖನಾಥರು ಹಾಲಿನವನಿಗಿಂತ ಮೊದಲೇ ಎದ್ದು ಯುದ್ಧರಂಗ ಸೇರಿದ್ದರು. ಅಯ್ಯುಬರು ಬಿಸಿ ಜಿಲೇಬಿ ತಂದಿದ್ದರು, ಗೆದ್ದರೆ ಹಂಚಲಿಕ್ಕೆ, ಸೋತರೆ ತಾವೇ ತಿನ್ನಲಿಕ್ಕೆ. ಫೈಲುಗಳು ಮತ್ತೊಮ್ಮೆ ಹತ್ತಿ ಕೂತಿದ್ದವು. ಪರದೆ ಇನ್ನೇನು ಕಪ್ಪಾಗುವುದರಲ್ಲಿತ್ತು.

ಸುಭದ್ರಾಬಾಯಿ ಸೆರಗಿಗೆ ಕೈ ಒರೆಸುತ್ತ ಒಳಗಿನಿಂದ ಬಂದು ನೆಲದ ಮೇಲೆ ಕೂತಿದ್ದ ಗಂಡನ ಪಕ್ಕದಲ್ಲಿ ಕೂತರು. ನಿನ್ನೆಯಿಂದ ಅವರು ಒಲೆಯ ಮುಂದೆಯೇ ಇದ್ದವರು. ಪರದೆಯನ್ನು ನೋಡಿರಲಿಲ್ಲ, ಗಂಡನ ಕೂಗನ್ನು, ಅವರು ಗಟ್ಟಿಯಾಗಿ ಓದುತ್ತಿದ್ದ ಪ್ರಶ್ನೆಗಳನ್ನು ಮಾತ್ರ ಕೇಳಿದ್ದರು.

“ನೋಡ್ರಿ, ಒಂದ್ ಮಾತ ಕೇಳ್ಲೇನು?”

“ಜಲ್ದಿ ಕೇಳು. ಸ್ಟಾಪ್ ಬರ್ಲತ್ತದ.”

“ನೀವು ರೈಟ್ ಅಂದಾಗೊಮ್ಮಿ ಅದು ಭಾಷಾ ಯಾವುದು ಅಂತ ಕೇಳ್ತದ, ಹೌದಿಲ್ರಿ?”

“ಹೌದು.”

“ನೀವು ರೈಟ್ ಅನ್ನಲಾರದ ಒಮ್ಮಿಯಾರ ಬಿಟ್ಟೀರೇನು?”

ಗೋರಖನಾಥರಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬಿಡೋದು ಅಂದ್ರ? ಒತ್ತು ಅಂತ ಬರದದಲ್ಲ! ಬಾಯಿಬಿಟ್ಟು ಕೇಳ್ಲತ್ತದ.”

“ಕೇಳಲಿ.”

“ಬೆಲ್ ಇಲ್ದ ಗಾಡಿ ಹೋಗಂಗಿಲ್ಲ ಭಾಬಿ” ಎಂದು ಅಯ್ಯುಬರು ಜಿಲೇಬಿಯ ಪೊಟ್ಟಣ ಹಿಡಿದೇ ನಡುವೆ ಬಂದರು. “ಕಾಯ್ದಾ ಅದ.”

“ಆ ಕಾಯ್ದಾ ನಿಮಗ್ರಿ ಅಯ್ಯುಬ ಭಾಯಿ. ಇದಕ್ಕ ಡ್ರೈವರ್ ಎಲ್ಲಿದ್ದಾನ? ಸುಮ್ಮ ಬಿಟ್ಟು ನೋಡೋಣು, ಎಲ್ಲಿಗಿ ಹೋಗ್ತದೋ ಹೋಗಲಿ.”

ಪರದೆ ಕಪ್ಪಾಯಿತು. ಬಿಳಿ ಅಕ್ಷರ ಬಂತು. ಮೊದಲ ಚುಕ್ಕಿ ಬಿತ್ತು.

ಗೋರಖನಾಥರ ಬಲಗೈ ತಾನಾಗಿ ಎದ್ದಿತು. ಆ ಕೈಗೆ ಅವರ ಅಪ್ಪಣೆಯೇ ಬೇಕಿರಲಿಲ್ಲ. ಮಳೆಯಲ್ಲಿ, ಧೂಳಿನಲ್ಲಿ, ಜ್ವರ ಬಂದಾಗ, ಪ್ರಣಾಲಿ ಹುಟ್ಟಿದ ಸುದ್ದಿ ಬಂದ ದಿನ, ಹಗ್ಗ ಎಳೆದು ಎಳೆದು ಬೆರಳ ಸಂದಿಯಲ್ಲಿ ದಡ್ಡು ಕಟ್ಟಿದ ಕೈ ಅದು. ನಿಂತದ್ದನ್ನು ಕಂಡರೆ ತಡೆಯುವುದು ಅದಕ್ಕೆ ಗೊತ್ತಿಲ್ಲ. ಎರಡನೆಯ ಚುಕ್ಕಿ ಬಿತ್ತು.

ಸುಭದ್ರಾಬಾಯಿ ಆ ಕೈಯನ್ನು ಹಿಡಿದರು. ಎಡಗೈ ನೆರವಿಗೆ ಬಂತು, ಅದನ್ನೂ ಹಿಡಿದರು. ಎರಡನ್ನೂ ಸೇರಿಸಿ ತಮ್ಮ ಮಡಿಲಲ್ಲಿ ಒತ್ತಿಕೊಂಡು ಕೂತರು. ಹಾಡುಹಗಲು, ಬಾಗಿಲು ತೆರೆದಿತ್ತು, ಅಯ್ಯುಬರು ಎದುರಿಗಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಮೂರನೆಯವರ ಮುಂದೆ ಅವರು ಗಂಡನ ಕೈ ಹಿಡಿದದ್ದಿಲ್ಲ. ಅಯ್ಯುಬರು ಏನೋ ತುರ್ತು ನೆನಪಾದವರಂತೆ ಕಿಟಕಿಯ ಹೊರಗೆ ನೋಡತೊಡಗಿದರು.

“ಬಿಡು ಸುಭದ್ರಾ, ಹೋಗ್ತದ…”

“ಹೋಗಲಿ ಅಂತೇ ಹಿಡದೀನಿ.”

ಮೂರು, ನಾಲ್ಕು, ಐದು. ಗೋರಖನಾಥರ ಹಣೆಯಲ್ಲಿ ಬೆವರು ಮೂಡಿತು. ಅಕ್ಷರ ಮಾಯವಾಯಿತು. ಪರದೆಯಲ್ಲಿ ಕತ್ತಲು, ಕತ್ತಲು. ಔರಾದಕ್ಕೂ ಇಲ್ಲ ಬೀದರಕ್ಕೂ ಇಲ್ಲ, ನಡುಹೊಲದಲ್ಲಿ ಗಾಡಿ ಕೆಟ್ಟು ನಿಂತಂತೆ ಮೂವರೂ ಕೂತರು.

ಆಮೇಲೆ ಕತ್ತಲಲ್ಲಿ ಒಂದು ಸಣ್ಣ ಬಿಳಿ ಬಳೆ ಕಾಣಿಸಿ, ತನ್ನಷ್ಟಕ್ಕೆ ತಾನು ತಿರುಗತೊಡಗಿತು. ತಯಾರಿ ನಡೆದಿದೆ ಎಂಬ ಬರಹ ಬಂತು. ಇದು ಹೊಸ ಸ್ಟಾಪು. ಇಲ್ಲಿಗೆ ಯಾರೂ ಬಂದಿರಲಿಲ್ಲ. ಬಟನ್ ಒತ್ತಿದಾಗೊಮ್ಮೆ ಯಂತ್ರ ಪೆನ್ ಡ್ರೈವಿಗೇ ಮರಳಿ ಮೊದಲಿನಿಂದ ಶುರು ಮಾಡುತ್ತಿತ್ತು; ಒತ್ತದೆ ಬಿಟ್ಟಾಗ ಹತ್ತಿದವರನ್ನು ಕರೆದುಕೊಂಡು ಮುಂದೆ ಹೊರಟಿತ್ತು.

“ಯಾ ಅಲ್ಲಾ!” ಅಂದರು ಅಯ್ಯುಬರು. “ಬೆಲ್ ಇಲ್ದ ಹೋಯ್ತಲ್ಲೋ! ನಾ ನೌಕರಿ ಮಾಡಿದ್ದೆಲ್ಲಾ ಖಾಲಿಪೀಲಿ ಆಯ್ತು.”

ಯಂತ್ರ ಮತ್ತೂ ಒಂದೆರಡು ಸಲ ಬಂದ್ ಆಗಿ ಚಾಲೂ ಆಯಿತು, ಮತ್ತೂ ಚುಕ್ಕಿ ಬಿದ್ದವು. ಸುಭದ್ರಾಬಾಯಿ ಹಿಡಿತ ಸಡಿಲಿಸಲಿಲ್ಲ. ಗೋರಖನಾಥರು ಈಗ ಬಿಡಿಸಿಕೊಳ್ಳುವ ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಯಾರೋ ನಡೆಸುವ ಗಾಡಿಯಲ್ಲಿ, ಟಿಕೇಟು ಕೊಡುವ ಚಿಂತೆಯಿಲ್ಲದೆ, ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತು ಹೋಗುವುದು ಹೀಗಿರುತ್ತದೆ ಎಂಬುದು ಅವರಿಗೆ ತಿಳಿದದ್ದೇ ಅಂದು. ತಮ್ಮ ಬಸ್ಸಿನಲ್ಲಿ ಅವಳು ಎಷ್ಟೋ ಸಲ ತವರಿಗೆ ಹೋಗಿದ್ದಳು; ಅವರು ಮಾತ್ರ ಯಾವಾಗಲೂ ಬಾಗಿಲಲ್ಲಿ ನಿಂತಿರುತ್ತಿದ್ದರು.

ಕೊನೆಗೆ ಪರದೆಯ ತುಂಬ ಹೊಸ ನೀಲಿ ಹರಡಿತು. ಮುಖ ತೋರಿಸುವ ಪ್ರೋಗ್ರಾಮನ್ನು ಹೊಸದಾಗಿ ಹಾಕಿಕೊಳ್ಳುವುದು ಹೇಗೆಂದು ಪ್ರಣಾಲಿ ಫೋನಿನಲ್ಲಿ ಒಂದೊಂದೇ ಹೇಳಿದಳು, ಅಯ್ಯುಬರು ಒಂದೊಂದೇ ಒತ್ತಿದರು. ತಕರಾರಿಲ್ಲದೆ ಅದು ಬಾಗಿಲು ತೆರೆಯಿತು. ಮೊದಲು ವಿಶಾಖಾ, ಹಿಂದೆಯೇ ಭಾಲ್ಕಿಯ ಅವಳ ಗೆಳತಿಯರು, ಆಮೇಲೆ ಔರಾದದ ಜೇಬಾ. ಸುಭದ್ರಾಬಾಯಿ ಮುಂದಕ್ಕೆ ಬಾಗಿ ಒಂದೊಂದೇ ಮುಖವನ್ನು, ಒಂದೊಂದೇ ಬಾಯಿಯನ್ನು ನೋಡಿದರು.

“ಹಲ್ಲು ಬಿತ್ತೇನವ್ವ ಜೇಬಾ?”

“ಹೌದು ನಾನಿ, ನಿನ್ನೀನೇ ಬಿತ್ತು!”

“ಕಾಣ್ಲತ್ತದ” ಅಂದರು ಸುಭದ್ರಾಬಾಯಿ. ಅಷ್ಟೇ ಅಂದರು. ಆ ಒಂದು ಮಾತಿಗಾಗಿ ಎರಡು ದಿನ ಕಾದಾಡಿದ ವೀರರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ವಿಶಾಖಾ ಪರದೆಗೆ ಮೂಗು ಹಚ್ಚಿ ನೋಡಿದಳು. “ಆಯಿ, ನಿಮ್ಮ ಮಡಲಾಗ ಅದು ಯಾರ ಕೈ?”

ಹುಡುಗಿಯರೆಲ್ಲ ಮುಂದಕ್ಕೆ ಬಾಗಿದರು. ಗೋರಖನಾಥರು ಗಡಬಡಿಸಿ ಕೈ ಎಳೆದುಕೊಳ್ಳಲು ಹೋದರು. ಸುಭದ್ರಾಬಾಯಿ ಬಿಡಲಿಲ್ಲ.

“ನಿಮ್ಮಜ್ಜಂದು. ಬಿಟ್ರ ಏನಾರ ಒತ್ತತಾರ.” ಒಂದು ಗಳಿಗೆ ಯೋಚಿಸಿದರು. “ಇವತ್ತು ಹಳೀದು ಬ್ಯಾಡ. ಹೊಸಾದೊಂದು ಬಂದದ, ಕೇಳ್ರಿ. ನಮ್ಮವ್ವಂದಲ್ಲ ಇದು, ನಂದೇ.”

ಪಾಠಕ್ಕೆಂದು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ ಬೀಸುವ ಕಲ್ಲನ್ನು ಒಂದೇ ಕೈಯಿಂದ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಗಂಡನ ಕೈ ಹಿಡಿದೇ ಹಾಡಿದರು:

ಗಂಟಿ ಹೊಡಿಯೋ ಕೈಗಿ ಗಾಜೀನ ಬಳಿ ಇಡಸೇನ
ತಂಟಿ ಬಿಟ್ಟು ಕುಂಡ್ರೋ ನನ ರಾಯ, ಕುಂತರ
ಒಂಟಿ ಬಸ್ಸ ತಾನ ಬರತಾದ

ಅಯ್ಯುಬರು ಬಾಯೊಳಗಿನ ಜಿಲೇಬಿ ಹೊರಬೀಳುವಂತೆ ನಕ್ಕರು. ಗೋರಖನಾಥರ ಮುಖ ಅವರ ಹಳೆಯ ಬಸ್ಸಿನ ಬಣ್ಣಕ್ಕೆ ತಿರುಗಿತು. ಭಾಲ್ಕಿಯಿಂದ, ಔರಾದದಿಂದ ಹುಡುಗಿಯರ ದನಿ ಒಂದರ ಹಿಂದೊಂದು ಎದ್ದಿತು, ಕೆಲವು ಮುಂದೆ ಓಡಿದವು, ಕೆಲವು ಹಿಂದೆ ಉಳಿದವು.

“ತಡೀರಿ, ತಡೀರಿ” ಅಂದರು ಸುಭದ್ರಾಬಾಯಿ, ಕಣ್ಣು ಕಿರಿದು ಮಾಡಿ. “ವಿಶಾಖಾ, ‘ಕುಂತರ’ ಅನ್ನೋ ಮುಂದ ಉಸಿರು ಬಿಟ್ಟೀದಿ, ತುಟಿ ನೋಡೀನಿ ನಾ. ಅಲ್ಲಿ ಉಸಿರು ಬಿಡಬಾರದು. ಮತ್ತೊಮ್ಮಿ, ಮೊದಲಿಂದ.”